ಮಾಲಿನಿಯ ಮೂರು ಕೆಮ್ಮು

ಹಗರೆಯ ಆಶಾ ಕಾರ್ಯಕರ್ತೆ ದೇವೀರಮ್ಮನಿಗೆ ಕೆಮ್ಮಿನ ಗುರುತು ಚೆನ್ನಾಗಿ ಸಿಗುತ್ತಿತ್ತು. ಹದಿನಾರು ವರ್ಷ ಬಾಣಂತಿಯರ ಮನೆ, ಲಸಿಕೆ, ಜ್ವರದ ಸಮೀಕ್ಷೆ ಎಂದು ಬೀದಿ ಬೀದಿ ತಿರುಗಿದವಳು. ಬೀಡಿ ಸೇದುವವರ ಕೆಮ್ಮು ಬೆಳಿಗ್ಗೆ ಎದ್ದ ಕೂಡಲೇ ಬಂದು ಹೋಗುತ್ತದೆ. ಹಿಟ್ಟಿನ ಗಿರಣಿಯವರ ಕೆಮ್ಮು ಒಣಗಿರುತ್ತದೆ. ಎರಡು ವಾರ ದಾಟಿದ ಮೇಲೂ ಬಿಡದೆ, ಸಂಜೆಯಾದರೆ ಮೈ ಬೆಚ್ಚಗೆ ಮಾಡುವ ಕೆಮ್ಮಾದರೆ ಕಫವನ್ನು ಬೇಲೂರಿನ ತಾಲ್ಲೂಕು ಆಸ್ಪತ್ರೆಗೆ ಕಳಿಸಬೇಕು. ಹೀಗೆ ಅವಳು ಗುರುತಿಸಿ ಕಳಿಸಿದ ಇಪ್ಪತ್ತಕ್ಕೂ ಹೆಚ್ಚು ಕ್ಷಯರೋಗಿಗಳು ವಾಸಿಯಾಗಿ, ಈಗಲೂ ಬಸ್‌ ಸ್ಟಾಪಿನಲ್ಲಿ ಕಂಡರೆ ಮಾತಾಡಿಸುತ್ತಿದ್ದರು.

ಅವಳ ತಂಗಿ ಮಾಲಿನಿ ಬಾಣಾವರದ ಪ್ರಾಥಮಿಕ ಶಾಲೆಯಲ್ಲಿ ಟೀಚರು. ತಾಯಿ ತೀರಿಕೊಂಡಾಗ ಮಾಲಿನಿಗೆ ಆರು ವರ್ಷ, ದೇವೀರಮ್ಮನಿಗೆ ಇಪ್ಪತ್ತೊಂದು. ತಲೆ ಬಾಚಿ, ಬುತ್ತಿ ಕಟ್ಟಿ, ಹಾಸ್ಟೆಲ್ಲಿಗೆ ಸೇರಿಸಿ, ಬಿ.ಎಡ್. ಓದಿಸಿದ್ದೆಲ್ಲ ಅಕ್ಕನೇ. ಬಾಣಾವರದ ಸ್ಟೇಷನ್‌ ರಸ್ತೆಯಲ್ಲಿ ಒಂದು ರೂಮು ಮಾಡಿಕೊಂಡಿದ್ದ ಮಾಲಿನಿ ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಕೂಡಲೇ ಹಳೇಬೀಡಿನ ಮೇಲೆ ಬಸ್ಸು ಹಿಡಿದು ಹಗರೆಗೆ ಬಂದರೆ ಸೋಮವಾರ ಬೆಳಿಗ್ಗೆಯೇ ಹೊರಡುತ್ತಿದ್ದುದು.

ಎರಡು ಸಾವಿರದ ಇಪ್ಪತ್ತನಾಲ್ಕರ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಕಂಪನಿಯವರು ಬಂದರು. ಕೆಮ್ಮು ಕೇಳಿ ಕ್ಷಯ ಇದೆಯೋ ಇಲ್ಲವೋ ಹೇಳುವ ಫೋನನ್ನು ಅವರು ತಯಾರು ಮಾಡುತ್ತಿದ್ದರು. ಪ್ರಯೋಗಕ್ಕೆ ಬೇಲೂರು, ಅರಸೀಕೆರೆ ತಾಲ್ಲೂಕುಗಳನ್ನು ಆರಿಸಿಕೊಂಡಿದ್ದರು. ಅದರ ಮುಖ್ಯಸ್ಥ ಶಶಿಕಿರಣ್‌ ಎಂಬ ಮೂವತ್ತೊಂದು ವರ್ಷದ ಎಂಜಿನಿಯರ್. ಅವನ ಪಿಎಚ್‌.ಡಿ. ಸಂಶೋಧನೆಯೂ ಇದೇ. ಬೇಲೂರಿನಲ್ಲಿ ನಡೆದ ತರಬೇತಿಯಲ್ಲಿ ಅವನು ಆಶಾಗಳಿಗೆ ವಿವರಿಸಿದ:

"ಒಬ್ಬ ಡಾಕ್ಟರು ಜೀವಮಾನದಲ್ಲಿ ಎಷ್ಟು ಕೆಮ್ಮು ಕೇಳಬಹುದು ಹೇಳಿ? ಈ ಫೋನಿಗೆ ನಾವು ಸಾವಿರಾರು ಕೆಮ್ಮು ಕೇಳಿಸ್ತೀವಿ. ಇದು ಕ್ಷಯದ ಕೆಮ್ಮು, ಇದು ಅಲ್ಲ ಅಂತ ಒಂದೊಂದನ್ನೇ ಹೇಳ್ಕೊಡ್ತೀವಿ. ಕಲಿತ್ಮೇಲೆ ಅದೇ ನಮಗೆ ಹೇಳುತ್ತೆ."

ದೇವೀರಮ್ಮನಿಗೆ ಈ ಮಾತು ಹಿಡಿಸಿತು. ಅವಳ ಕಿವಿ ಕಲಿತದ್ದೂ ಹಾಗೆಯೇ. ಕಂಪನಿಯವರು ಹಗರೆ, ಗೆಂಡೆಹಳ್ಳಿ ಕಡೆಯ ಆರು ಊರುಗಳ ಕೆಲಸವನ್ನು ಅವಳ ಸುಪರ್ದಿಗೆ ಕೊಟ್ಟರು. ಒಬ್ಬೊಬ್ಬರೂ ಫೋನಿನ ಮುಂದೆ ಮೂರು ಸಲ ಕೆಮ್ಮಬೇಕು, ಡಬ್ಬಿಯಲ್ಲಿ ಕಫ ಕೊಡಬೇಕು. ಕಫದ ಫಲಿತಾಂಶ ಏನು ಬರುತ್ತದೋ ಅದನ್ನೇ ಆ ಕೆಮ್ಮಿನ ಉತ್ತರವೆಂದು ಫೋನಿಗೆ ಕಲಿಸುವುದು.

ಏಪ್ರಿಲ್‌ ಕೊನೆಯ ವಾರ ಎರಡು ದಿನ ಸಾಲಾಗಿ ರಜೆ ಬಂತು. ಅರವತ್ತೆರಡು ಜನರ ಕಫವಿದ್ದ ಐಸ್‌ ಪೆಟ್ಟಿಗೆಯನ್ನು ಲ್ಯಾಬಿಗೆ ಒಯ್ಯಬೇಕಾದವನು ಊರಿಗೆ ಹೋಗಿಬಿಟ್ಟಿದ್ದ. ಮೂರನೆಯ ದಿನ ದೇವೀರಮ್ಮ ಹಳೇಬೀಡಿನಲ್ಲಿದ್ದ ಕಂಪನಿಯ ಬಾಡಿಗೆ ರೂಮಿಗೆ ಹೋದಾಗ ಪೆಟ್ಟಿಗೆ ಶೀಟಿನ ಚಾವಣಿಯ ಕೆಳಗೆ ಹಾಗೆಯೇ ಕೂತಿತ್ತು. ಐಸು ಕರಗಿ ನೀರಾಗಿ, ಆ ನೀರೂ ಬಿಸಿಯಾಗಿತ್ತು. ಕೆಲವು ಡಬ್ಬಿಗಳ ಮುಚ್ಚಳ ಸಡಿಲವಾಗಿ ಕಫ ಸೋರಿತ್ತು. ವಾಸನೆಗೆ ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡಳು.

"ಸಾರ್‌, ಇದು ಕೆಟ್ಟೋಗೈತೆ. ಲ್ಯಾಬಿನೋರು ತಗಳಲ್ಲ. ಇನ್ನೊಂದ್ಸಲ ಎಲ್ಲಾರ್ದೂ ತರ್ತೀನಿ, ಒಂದು ವಾರ ಕೊಡಿ," ಎಂದಳು.

ಶಶಿಕಿರಣ್‌ ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ. "ಒಂದು ವಾರ ಎಲ್ಲಿದೆ ಅಕ್ಕ? ಸೋಮವಾರ ನಾನು ರಿಸಲ್ಟ್‌ ತೋರಿಸ್ಬೇಕು. ನೂರು ಜನ ಕೆಮ್ಮೋರಲ್ಲಿ ತೊಂಬತ್ತೈದು ಜನಕ್ಕೆ ಕ್ಷಯ ಇರಲ್ಲ. ಇವರಿಗೆಲ್ಲ ನೆಗೆಟಿವ್‌ ಅಂತ ಹಾಕಿದ್ರೆ ಏನೂ ಆಗಲ್ಲ."

"ಅದ್ರಲ್ಲಿ ನಂಗೆ ಡೌಟಿರೋರು ಏಳೆಂಟು ಜನ ಅವ್ರೆ ಸಾರ್‌. ನಾನು ಕೆಮ್ಮು ಕೇಳಿದೀನಿ."

ಅವನು ನಕ್ಕ. "ನಿಮ್ಮ ಕಿವಿ ಸಾಕಾಗಿದ್ರೆ ನಾವ್ಯಾಕೆ ಬರ್ತಿದ್ವಿ ಅಕ್ಕ?"

ಪಕ್ಕದಲ್ಲಿದ್ದ ಇಬ್ಬರು ಹುಡುಗಿಯರೂ ನಕ್ಕರು. ದೇವೀರಮ್ಮ ಪೆಟ್ಟಿಗೆಯನ್ನು ಹೊರಗೆ ಒಯ್ದು ಬ್ಲೀಚಿಂಗ್‌ ಪೌಡರು ಸುರಿದು ಹೂತುಹಾಕಿ ಮನೆಗೆ ಬಂದಳು. ಆ ಪೆಟ್ಟಿಗೆಯವರ ಹೆಸರುಗಳೆಲ್ಲ ಅವಳ ಡೈರಿಯಲ್ಲಿದ್ದವು. ಓದಿದವರು ಹೇಳಿದ ಮೇಲೆ ಇರಬಹುದೇನೋ ಅಂದುಕೊಂಡು ಸುಮ್ಮನಾದಳು.

ಜೂನ್‌ ತಿಂಗಳಲ್ಲಿ ಕಲಿತು ಮುಗಿಸಿದ ಫೋನುಗಳು ಆಶಾಗಳ ಕೈಗೆ ಬಂದವು. ಮೂರು ಸಲ ಕೆಮ್ಮಿದರೆ ಪರದೆಯ ಮೇಲೆ ಒಂದು ವೃತ್ತ ತಿರುಗಿ ಬಣ್ಣ ತಾಳುತ್ತಿತ್ತು. ಕೆಂಪಾದರೆ ಕಫ ಪರೀಕ್ಷೆ, ಹಸಿರಾದರೆ ನಿಶ್ಚಿಂತೆ.

ಜುಲೈ ತಿಂಗಳ ಒಂದು ಭಾನುವಾರ ಮಾಲಿನಿ ಅಡುಗೆಮನೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತ ಕೆಮ್ಮಿದಳು. ದೇವೀರಮ್ಮ ಒಲೆಯ ಮುಂದೆ ನಿಂತವಳು ಹಿಂದಿರುಗಿ ನೋಡಿದಳು.

"ಎಷ್ಟು ದಿನದಿಂದ ಐತೆ ಇದು?"

"ಚಾಕ್‌ಪೀಸ್‌ ಧೂಳು ಕಣೇ ಅಕ್ಕ. ಹದಿನೈದು ದಿನ ಆಗಿರ್ಬೇಕು."

"ಕೆಮ್ಮು ಚೆನ್ನಾಗಿಲ್ಲ. ಫೋನಿಗೆ ಕೆಮ್ಮು ನೋಡನ."

ಮಾಲಿನಿ ನಗುತ್ತ ಮೂರು ಸಲ ಕೆಮ್ಮಿದಳು. ಮೂರನೆಯದಕ್ಕೆ ನಗು ಬಂದು ಅರ್ಧಕ್ಕೇ ನಿಂತಿತು. ಪರದೆ ಹಸಿರಾಯಿತು. ದೇವೀರಮ್ಮ ಇನ್ನೊಂದು ಸಲ ನೋಡಿದಳು, ಮತ್ತೆ ಹಸಿರು. ಆದರೂ ಮನಸ್ಸು ಒಪ್ಪದೆ ಶಶಿಕಿರಣನಿಗೆ ಫೋನು ಮಾಡಿದಳು.

"ಹಸಿರು ಅಂದ್ರೆ ಹಸಿರು ಅಕ್ಕ. ಯಂತ್ರಕ್ಕೆ ತಂಗಿ ಅನ್ನೋ ಹೆದರಿಕೆ ಇರಲ್ಲ, ನಿಮಗಿದೆ," ಅಂದ.

"ನಿನ್‌ ಫೋನೇ ಹೇಳ್ತಲ್ಲ, ಬಿಡೇ," ಎಂದು ಮಾಲಿನಿಯೂ ಅಂದಳು.

ಅರಸೀಕೆರೆಯ ಒಂದು ಕ್ಲಿನಿಕ್ಕಿನಲ್ಲಿ ಮಾಲಿನಿ ಆ ಹಸಿರನ್ನೇ ತೋರಿಸಿದಳು. ಅಲರ್ಜಿ ಎಂದು ಔಷಧಿ ಕೊಟ್ಟರು. ಸೆಪ್ಟೆಂಬರ್‌ ಹೊತ್ತಿಗೆ ಅವಳ ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಅಕ್ಟೋಬರ್‌ ಕೊನೆಯಲ್ಲಿ ತಲೆನೋವು, ವಾಂತಿ ಶುರುವಾಗಿ, ಪಾಠ ಮಾಡುತ್ತಿದ್ದಾಗಲೇ ಕುಸಿದು ಬಿದ್ದಳು. ಹಾಸನದ ದೊಡ್ಡಾಸ್ಪತ್ರೆಗೆ ಒಯ್ದರು. ಕ್ಷಯ ಎರಡೂ ಶ್ವಾಸಕೋಶ ತಿಂದು ಮಿದುಳಿಗೆ ಏರಿತ್ತು. "ಜುಲೈನಲ್ಲೇ ಬಂದಿದ್ರೆ ಆರು ತಿಂಗಳ ಮಾತ್ರೆ ಅಷ್ಟೇ ಆಗಿತ್ತಮ್ಮ," ಎಂದು ಅಲ್ಲಿನ ಡಾಕ್ಟರು ಹೇಳಿದರು. ಹನ್ನೊಂದು ದಿನ ಇದ್ದಳು. ಕೊನೆಯ ನಾಲ್ಕು ದಿನ ಅಕ್ಕನ ಗುರುತೂ ಹತ್ತಲಿಲ್ಲ. ಅವಳಿಗೆ ಇಪ್ಪತ್ತೊಂಬತ್ತು ವರ್ಷ.

ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ ಬೀದಿಯವರೆಲ್ಲ ಬುದ್ಧಂ ಶರಣಂ ಗಚ್ಛಾಮಿ ಎಂದು ತ್ರಿಶರಣ ಹೇಳಿದರು. ಬಾಣಾವರದ ಶಾಲೆಯ ಮಕ್ಕಳು ಒಂದು ವ್ಯಾನಿನಲ್ಲಿ ಬಂದಿದ್ದರು. ದೇವೀರಮ್ಮ ಅಳಲಿಲ್ಲ. ಎಲ್ಲರೂ ಹೋದ ಮೇಲೆ ಕಂಪನಿಯ ಫೋನು ತೆಗೆದು ತಂಗಿಯ ಹೆಸರು ಒತ್ತಿದಳು. ಕೆಮ್ಮು, ಕೆಮ್ಮು, ಅರ್ಧ ಕೆಮ್ಮು, ಆಮೇಲೆ ನಗು. ಹಸಿರು ವೃತ್ತ. ಆಗ ಅವಳಿಗೆ ಹಳೇಬೀಡಿನ ಪೆಟ್ಟಿಗೆ ನೆನಪಾಯಿತು. ರೋಗದ ಕೆಮ್ಮನ್ನು ಇದು ಆರೋಗ್ಯದ ಕೆಮ್ಮು ಎಂದು ಹೇಳಿಕೊಟ್ಟಿದ್ದರು. ಫೋನು ಹೇಳಿಕೊಟ್ಟದ್ದನ್ನೇ ಒಪ್ಪಿಸುತ್ತಿತ್ತು.

ಅಂದಿನಿಂದ ಅವಳ ಅಳುವೆಲ್ಲ ಒಬ್ಬನ ಕಡೆ ತಿರುಗಿತು. ಅನ್ನಕ್ಕೆ ಕೈ ಹಾಕಿದರೆ ಶಶಿಕಿರಣನ ನಗು ಕೇಳುತ್ತಿತ್ತು. ದೂರು ಕೊಡು ಎಂದು ಹಾಲಿನ ಡೇರಿಯಲ್ಲಿ ಕೆಲಸ ಮಾಡುವ ಗಂಡ ಹೇಳಿದ. "ದೂರು ಕೊಟ್ರೆ ಒಂದು ಕಾಗ್ದ ಬತ್ತೈತೆ. ಕಾಗ್ದ ನಂಗ್ಯಾಕೆ? ಅವ್ನು ನಕ್ಕಿದ್ದು ನಾಲ್ಕು ಜನದ ಮುಂದೆ. ನಾಲ್ಕು ನೂರು ಜನದ ಮುಂದೆ ಅವನ ನಗು ನಿಲ್ಲಬೇಕು," ಎಂದಳು.

ಜನವರಿಯಲ್ಲಿ ಡೈರಿ ತೆಗೆದು ಆ ಅರವತ್ತೆರಡು ಹೆಸರುಗಳ ಹಿಂದೆ ಹೊರಟಳು. ಇಬ್ಬರು ಸತ್ತಿದ್ದರು. ಒಂಬತ್ತು ಜನ ಊರು ಬಿಟ್ಟಿದ್ದರು. ಉಳಿದ ಐವತ್ತೊಂದು ಜನರಿಂದ ಮತ್ತೆ ಕಫ ತೆಗೆದುಕೊಂಡಳು. ಪ್ರತಿಯೊಬ್ಬರ ಕೆಮ್ಮನ್ನೂ ಮತ್ತೊಮ್ಮೆ ಫೋನಿಗೆ ಕೇಳಿಸಿ ಬಣ್ಣವನ್ನು ಬರೆದಿಟ್ಟಳು. ಐಸು ಕರಗುವ ಮುಂಚೆ ಪೆಟ್ಟಿಗೆಯನ್ನು ತಾನೇ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬೇಲೂರಿಗೆ ಒಯ್ದಳು. ಅಲ್ಲಿ ಲ್ಯಾಬಿನ ಟೆಕ್ನಿಷಿಯನ್‌ ಭೀಮರಾಜ್‌ ಅವಳಿಗೆ ದೂರದಿಂದ ತಮ್ಮನಾಗಬೇಕು. ಕಫದಲ್ಲಿ ಕ್ಷಯದ ರೋಗಾಣು ಇದೆಯೇ ಎಂದು ಎರಡು ಗಂಟೆಯೊಳಗೆ ಹೇಳುವ ಹೊಸ ಯಂತ್ರ ಅವನ ಬಳಿಯಿತ್ತು.

ಫೆಬ್ರವರಿ ಇಪ್ಪತ್ತೇಳಕ್ಕೆ ಕೊನೆಯ ಫಲಿತಾಂಶ ಬಂತು. ಒಂಬತ್ತು ಜನರಿಗೆ ಕ್ಷಯವಿತ್ತು. ಆ ಒಂಬತ್ತರಲ್ಲಿ ಏಳು ಮಂದಿಗೆ ಫೋನು ಹಸಿರು ತೋರಿಸಿತ್ತು. ರೋಗವಿದ್ದವರಿಗೆ ಭೀಮರಾಜ್‌ ಆಯಾ ದಿನವೇ ಮಾತ್ರೆ ಶುರು ಮಾಡಿಸಿದ್ದ. ಈ ಒಂಬತ್ತು ಹೆಸರುಗಳು ಒಂದೇ ಕೆಟ್ಟ ಪೆಟ್ಟಿಗೆಯಿಂದ ಬಂದವು ಎಂಬುದು ಮಾತ್ರ ಅವರಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

"ಅಕ್ಕ, ಇವತ್ತೇ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಹೇಳು. ಎಲ್ಲಾ ಕಡೆ ಫೋನು ನಿಲ್ಲಿಸ್ತಾರೆ," ಎಂದ ಭೀಮರಾಜ್‌.

"ಮಾರ್ಚಿ ಇಪ್ಪತ್ನಾಲ್ಕು ವಿಶ್ವ ಕ್ಷಯರೋಗ ದಿನ. ಅರಸೀಕೆರೆ ಕಲ್ಯಾಣ ಮಂಟಪದಲ್ಲಿ ಅವ್ನು ಈ ಫೋನು ಇಡೀ ಜಿಲ್ಲೆಗೆ ಕೊಡೋ ಕಾರ್ಯಕ್ರಮ ಮಡಗವ್ನೆ. ಅವತ್ತು ಹೇಳ್ತೀನಿ."

"ಇನ್ನೂ ಇಪ್ಪತ್ತೈದು ದಿನ ಅಕ್ಕ. ಅಷ್ಟರಲ್ಲಿ ಎಷ್ಟು ಜನಕ್ಕೆ ಹಸಿರು ತೋರಿಸ್ತದೋ."

"ನನ್‌ ತಂಗಿಗೆ ತೋರಿಸ್ದಾಗ ಯಾರು ದಿನ ಲೆಕ್ಕ ಹಾಕಿದ್ರು? ನೀನು ಬಾಯಿ ಬಿಟ್ರೆ ನಿನ್‌ ಮನೆ ಮೆಟ್ಲು ತುಳಿಯಕಿಲ್ಲ ನಾನು."

ಭೀಮರಾಜ್‌ ಫಲಿತಾಂಶದ ಹಾಳೆಗಳನ್ನು ಮಡಚಿ ಅವಳ ಕೈಗೆ ಕೊಟ್ಟ.

ಕಾರ್ಯಕ್ರಮಕ್ಕೆ ವಾರವಿದ್ದಾಗ ಶಶಿಕಿರಣ್‌ ತಾನಾಗಿಯೇ ಫೋನು ಮಾಡಿದ. ವೇದಿಕೆಯ ಮೇಲೆ ಒಬ್ಬರನ್ನು ಕೆಮ್ಮಿಸಿ ತೋರಿಸಬೇಕಿತ್ತು. ಹಳ್ಳಿಯವರೊಬ್ಬರನ್ನು ಕರೆದುಕೊಂಡು ಬನ್ನಿ ಅಂದ. "ಕರ್ಕೊಂಡು ಬತ್ತೀನಿ ಸಾರ್‌," ಎಂದು ದೇವೀರಮ್ಮ ಬಹಳ ವಿನಯದಿಂದ ಹೇಳಿದಳು. ಆಮೇಲೆ ಗೆಂಡೆಹಳ್ಳಿಗೆ ಹೋಗಿ ದರ್ಜಿ ಕಲ್ಲೇಶಪ್ಪನ ಅಂಗಡಿಯ ಬೆಂಚಿನ ಮೇಲೆ ಕೂತಳು. ಆ ಏಳು ಜನರಲ್ಲಿ ಅವನೂ ಒಬ್ಬ. ಎಷ್ಟು ಸಲ ಪರೀಕ್ಷಿಸಿದರೂ ಅವನ ಕೆಮ್ಮಿಗೆ ಫೋನು ಹಸಿರನ್ನೇ ತೋರಿಸುತ್ತಿತ್ತು. ಮೂರು ವಾರದಿಂದ ಮಾತ್ರೆ ನುಂಗುತ್ತಿದ್ದ, ಇನ್ನು ಬೇರೆಯವರಿಗೆ ಹರಡುವ ಭಯವಿಲ್ಲವೆಂದು ಭೀಮರಾಜ್‌ ಹೇಳಿದ್ದ. ಅವಳು ವಿಷಯವನ್ನೆಲ್ಲ ಬಿಚ್ಚಿ ಹೇಳಿದಳು.

ಕಲ್ಲೇಶಪ್ಪ ಕತ್ತರಿ ಕೆಳಗಿಟ್ಟ. "ಒಂದು ವರ್ಷ ನನ್‌ ಹೆಂಡ್ತಿ ಪಕ್ಕದಲ್ಲಿ ಕೆಮ್ಮಿಕೊಂಡು ಮಲಗಿದೀನಿ ಕಣವ್ವ, ಏನೂ ಇಲ್ಲ ಅಂದ್ನಲ್ಲ ಅವ್ನು! ನನ್‌ ಕೆಮ್ಮಿಂದ ಅವ್ನ ಮಾನ ಹೋಗ್ತದೆ ಅಂದ್ರೆ ಎಷ್ಟು ಸಲ ಬೇಕಾದ್ರೂ ಕೆಮ್ತೀನಿ."

ಕಲ್ಯಾಣ ಮಂಟಪ ತುಂಬಿತ್ತು. ಜಿಲ್ಲಾ ಅಧಿಕಾರಿಗಳು, ಎರಡು ತಾಲ್ಲೂಕಿನ ಡಾಕ್ಟರುಗಳು, ಗುಲಾಬಿ ಸೀರೆಯ ಆಶಾಗಳು. ಮುಂದಿನ ಸಾಲಿನಲ್ಲಿ ಶಶಿಕಿರಣನ ತಂದೆ ತಾಯಿ ಕೂತಿದ್ದರು. ಅವನು ಸೂಟು ಹಾಕಿಕೊಂಡು ಅರ್ಧ ಗಂಟೆ ಮಾತಾಡಿದ. ಕೊನೆಗೆ, "ಈ ಪ್ರಯೋಗದ ಬೆನ್ನೆಲುಬು ನಮ್ಮ ದೇವೀರಮ್ಮ ಅಕ್ಕ," ಎಂದು ಅವಳನ್ನು ವೇದಿಕೆಗೆ ಕರೆದ. ಅವಳ ಹಿಂದೆ ಕಲ್ಲೇಶಪ್ಪ ಹತ್ತಿದ. ಮಾಸ್ಕು ತೆಗೆದು ಮೂರು ಸಲ ಕೆಮ್ಮಿದ. ದೊಡ್ಡ ಪರದೆಯ ಮೇಲೆ ವೃತ್ತ ತಿರುಗಿ ಹಸಿರಾಯಿತು.

"ನೋಡಿ, ಒಂದೇ ನಿಮಿಷ! ಇವರಿಗೆ ಕ್ಷಯ ಇಲ್ಲ. ಬಸ್‌ ಚಾರ್ಜು ಉಳೀತು, ಹೆದರಿಕೆ ಹೋಯ್ತು," ಎಂದ ಶಶಿಕಿರಣ್‌. ಜನ ಚಪ್ಪಾಳೆ ತಟ್ಟಿದರು.

ದೇವೀರಮ್ಮ ಚಪ್ಪಾಳೆ ಮುಗಿಯುವವರೆಗೂ ಕಾದಳು. ಆಮೇಲೆ ಅವನ ಕೈಯಿಂದ ಮೈಕು ತೆಗೆದುಕೊಂಡಳು.

"ಇವ್ರು ಗೆಂಡೆಹಳ್ಳಿ ಕಲ್ಲೇಶಪ್ಪೋರು. ನಾಲ್ಕು ವಾರದಿಂದ ಕ್ಷಯದ ಮಾತ್ರೆ ನುಂಗ್ತಾ ಅವ್ರೆ. ಇಗಳಿ, ಬೇಲೂರು ಲ್ಯಾಬಿನ ರಿಪೋರ್ಟು."

ಮಂಟಪದಲ್ಲಿ ಗುಸುಗುಸು ಎದ್ದಿತು. ಶಶಿಕಿರಣ್‌ ಇನ್ನೊಂದು ಮೈಕು ಹಿಡಿದು, "ಚಿಕಿತ್ಸೆ ಶುರುವಾದ್ಮೇಲೆ ಕೆಮ್ಮು ಬದಲಾಗುತ್ತೆ, ಅದಕ್ಕೇ..." ಎಂದು ಶುರು ಮಾಡಿದ. ಅವನು ಹೀಗೇ ಹೇಳುತ್ತಾನೆಂದು ಅವಳು ಮೊದಲೇ ಎಣಿಸಿದ್ದಳು. ಮಾತ್ರೆ ಶುರುವಾಗುವ ಮುಂಚೆ ತೆಗೆದ ಅದೇ ಕಲ್ಲೇಶಪ್ಪನ ಕೆಮ್ಮು, ಅದರ ತಾರೀಕು, ಅದರ ಹಸಿರನ್ನು ತೋರಿಸಿದಳು. ಆಮೇಲೆ ಹಿಂದಿನ ಸಾಲಿನ ಕಡೆ ಕೈ ಮಾಡಿದಳು. ಮಾಸ್ಕು ಹಾಕಿದ್ದ ಆರು ಜನ ಎದ್ದು ನಿಂತರು.

"ಇವ್ರಿಗೂ ಹಸಿರೇ. ಹಳೇಬೀಡಲ್ಲಿ ಕೊಳೆತ ಕಫಕ್ಕೆ ಪರೀಕ್ಷೆ ಮಾಡದೇನೇ ಕ್ಷಯ ಇಲ್ಲ ಅಂತ ಬರೆದ್ರು ಈ ಸಾರು. ಬೇಡ ಅಂದೆ. ನಿಮ್‌ ಕಿವಿ ಸಾಕಾಗಿದ್ರೆ ನಾವ್ಯಾಕೆ ಬರ್ತಿದ್ವಿ ಅಂತ ನಕ್ಕರು. ನಗಿ ಸಾರ್‌ ಈಗ." ಅವಳು ಜನರ ಕಡೆ ತಿರುಗಿದಳು. "ನನ್‌ ತಂಗಿಗೂ ಹಸಿರೇ ಬಂದಿತ್ತು. ಅವ್ಳು ಇವತ್ತು ಬರಕ್ಕಾಗ್ಲಿಲ್ಲ."

ಮೈಕು ಹಿಡಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಶಶಿಕಿರಣ್‌ ಅದನ್ನು ಮೇಲೆ ಕೆಳಗೆ ಆಡಿಸುತ್ತಿದ್ದ. ಮುಂದಿನ ಸಾಲಿನಲ್ಲಿ ಅವನ ತಾಯಿ ಎದ್ದು, ಮತ್ತೆ ಕೂತರು. ಜಿಲ್ಲಾ ಅಧಿಕಾರಿ ಅಲ್ಲಿಯೇ ಎಲ್ಲ ಫೋನುಗಳನ್ನೂ ವಾಪಸು ಪಡೆಯಲು ಹೇಳಿ, ತನಿಖೆ ಮಾಡಿಸುವುದಾಗಿ ಘೋಷಿಸಿದರು. ದೇವೀರಮ್ಮ ಊಟದ ಹಾಲಿಗೆ ಹೋಗಿ ಎಲೆಯ ಮುಂದೆ ಕೂತಳು. ನವೆಂಬರಿನಿಂದ ಅವಳ ನಾಲಿಗೆಗೆ ರುಚಿ ಇರಲಿಲ್ಲ. ಅವತ್ತು ಎರಡು ಸಲ ಪಾಯಸ ಹಾಕಿಸಿಕೊಂಡಳು.

ಏಪ್ರಿಲ್‌ ತಿಂಗಳಲ್ಲಿ ಶಶಿಕಿರಣ್‌ ಹಗರೆಗೆ ಬಂದ. ಗಡ್ಡ ಬಿಟ್ಟಿದ್ದ. ಕಂಪನಿ ಅವನನ್ನು ತೆಗೆದುಹಾಕಿತ್ತು, ವಿಶ್ವವಿದ್ಯಾಲಯ ಅವನ ಪ್ರಬಂಧವನ್ನು ತಡೆಹಿಡಿದಿತ್ತು. ಪೆಟ್ಟಿಗೆ ಕೆಟ್ಟದ್ದು ಸಾಗಣೆಯವನ ತಪ್ಪು ಎಂದು ದೇವೀರಮ್ಮ ಒಂದು ಪತ್ರ ಕೊಟ್ಟರೆ ಡಿಗ್ರಿಯಾದರೂ ಉಳಿಯುತ್ತದೆ ಎಂದು ಕೇಳಿದ.

"ನಾನು ಬೇಕೂಂತ ಮಾಡಿದ್ದಲ್ಲ ಅಕ್ಕ."

"ಗೊತ್ತು. ಬೇಡ ಅಂದ್ರೂ ಮಾಡಿದ್ದು," ಎಂದಳು. ಜಗಲಿಯ ಮೇಲೆ ಅವನನ್ನು ಕೂರಿಸಿ ತನ್ನ ಸ್ವಂತ ಫೋನು ಮುಂದಿಟ್ಟಳು. ಕಂಪನಿಯ ಫೋನನ್ನು ವಾಪಸು ಕೊಡುವ ಮುಂಚೆ ತಂಗಿಯ ದನಿಯನ್ನು ಇದರಲ್ಲಿ ಉಳಿಸಿಕೊಂಡಿದ್ದಳು. ಒತ್ತಿದಳು. ಮಾಲಿನಿ ಕೆಮ್ಮಿದಳು, ಕೆಮ್ಮಿದಳು, ನಕ್ಕಳು.

"ಹೇಳಿ ಸಾರ್‌, ಯಾವ ಬಣ್ಣ?"

ಅವಳು ಮತ್ತೆ ಒತ್ತಿದಳು. ಅವನು ಎರಡೂ ಕೈಯಿಂದ ಕಿವಿ ಮುಚ್ಚಿಕೊಳ್ಳುವವರೆಗೂ ಒತ್ತುತ್ತಲೇ ಇದ್ದಳು. "ಇನ್ನು ಹೊರಡಿ. ನಾಲ್ಕೂಕಾಲಿಗೆ ಹಾಸನದ ಬಸ್ಸೈತೆ," ಎಂದಳು. ಪತ್ರ ಕೊಡಲಿಲ್ಲ. ನೀರನ್ನೂ ಕೊಡಲಿಲ್ಲ.

ಎರಡೂ ತಾಲ್ಲೂಕುಗಳಲ್ಲಿ ಫೋನು ಹಸಿರು ತೋರಿಸಿದ ಎಲ್ಲರಿಗೂ ಮತ್ತೆ ಕಫ ಪರೀಕ್ಷೆ ಮಾಡಬೇಕೆಂದು ಆದೇಶವಾಗಿತ್ತು. ಸಾವಿರಾರು ಹೆಸರು, ತಿಂಗಳುಗಟ್ಟಲೆ ಕೆಲಸ. ಜೂನ್‌ ಎರಡನೆಯ ವಾರ ಭೀಮರಾಜ್‌ ಫೋನು ಮಾಡಿದ.

"ಅಕ್ಕ, ಅರಸೀಕೆರೆಯಿಂದ ಪಟ್ಟಿ ಬಂದಿದೆ. ಬಾಣಾವರದ ಲಾವಣ್ಯ ಅಂತ, ಗಾರ್ಮೆಂಟ್ಸ್‌ಗೆ ಹೋಗೋ ಹುಡುಗಿ. ಪಾಸಿಟಿವ್‌. ಅವಳ ಮೂರು ವರ್ಷದ ಮಗಳಿಗೂ ಹತ್ತಿದೆ, ಕುತ್ತಿಗೇಲಿ ಗಂಟು." ಕಾಗದ ಸರಿಸಿದ ಸದ್ದು ಕೇಳಿಸಿತು. "ಅವಳಿಗೆ ಹಸಿರು ತೋರಿಸಿದ್ದು ಮಾರ್ಚ್‌ ಆರನೇ ತಾರೀಕು."

ಅಷ್ಟು ಹೇಳಿ ಫೋನು ಇಟ್ಟ. ನಾನು ಹೇಳಿರಲಿಲ್ಲವೇ ಎಂದು ಅವನು ಅನ್ನಲಿಲ್ಲ. ಅಂದಿದ್ದರೆ ಅವಳು ಜಗಳವನ್ನಾದರೂ ಆಡಬಹುದಿತ್ತು.

ಮೂರನೆಯ ದಿನ ಬಾಣಾವರಕ್ಕೆ ಹೋದಳು. ಮಾಲಿನಿ ಸತ್ತ ಮೇಲೆ ಆ ಊರಿಗೆ ಕಾಲಿಟ್ಟಿರಲಿಲ್ಲ. ಲಾವಣ್ಯ ಇಪ್ಪತ್ತಾರರ ಹುಡುಗಿ, ಮನೆಯ ಮುಂದೆ ಮಗಳಿಗೆ ತಲೆ ಬಾಚುತ್ತಿದ್ದಳು. ಮಗುವಿನ ಕುತ್ತಿಗೆಯ ಎಡಕ್ಕೆ ಗೋಲಿಯಂಥ ಎರಡು ಗಂಟು ಎದ್ದು ಕಾಣುತ್ತಿದ್ದವು. ದೇವೀರಮ್ಮ ನಿಂತುಕೊಂಡೇ ತಾನು ಯಾರೆಂದು ಹೇಳಿದಳು. ಫೆಬ್ರವರಿ ಇಪ್ಪತ್ತೇಳಕ್ಕೇ ತನಗೆ ಎಲ್ಲ ಗೊತ್ತಿತ್ತೆಂದೂ ಮಾರ್ಚ್‌ ಇಪ್ಪತ್ತನಾಲ್ಕರವರೆಗೆ ಬಾಯಿ ಬಿಡಲಿಲ್ಲವೆಂದೂ ಹೇಳಿದಳು.

ಲಾವಣ್ಯ ಬಾಚಣಿಗೆ ಕೆಳಗಿಟ್ಟಳು. "ಯಾಕೆ?"

"ಅವ್ನನ್ನ ಎಲ್ಲಾರ ಮುಂದೆ ಬೀಳಿಸ್ಬೇಕಿತ್ತು."

"ಬಿದ್ನಾ?"

"ಬಿದ್ದ."

"ಖುಷಿ ಆಯ್ತಾ ನಿಮ್ಗೆ?"

ದೇವೀರಮ್ಮ ಸುಳ್ಳು ಹೇಳಲಿಲ್ಲ. "ಆಯ್ತು ಕಣವ್ವ."

"ಹಸಿರು ಬಂತಲ್ಲ ಅಂತ ನಾನು ಇವ್ಳನ್ನ ದಿನಾ ಎದೆ ಮೇಲೆ ಮಲಗಿಸ್ಕೊಂಡೆ. ಅದುವರ್ಗೂ ಬೇರೆ ಮಲಗಿಸ್ತಿದ್ದೆ ಗೊತ್ತಾ? ನೀವೂ ಅವ್ನೂ ಒಂದೇ. ಹೋಗಿ ಇಲ್ಲಿಂದ." ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನೀವೂ ಅವ್ನೂ ಒಂದೇ ಎಂಬ ಮಾತು ಹಳೇಬೀಡು ದಾಟುವವರೆಗೂ ಬಸ್ಸಿನಲ್ಲಿ ಅವಳ ಜೊತೆಗೇ ಬಂತು. ಒಪ್ಪಲು ಆಗಲಿಲ್ಲ, ತಳ್ಳಲೂ ಆಗಲಿಲ್ಲ.

ಜುಲೈನಲ್ಲಿ ತನಿಖಾ ಸಮಿತಿ ಅವಳ ಹೇಳಿಕೆ ಪಡೆಯಲು ಹಾಸನಕ್ಕೆ ಕರೆಸಿತು. ಶಶಿಕಿರಣ್‌ ಮಾಡಿದ್ದನ್ನೆಲ್ಲ ತಾರೀಕು ಸಮೇತ ಹೇಳಿದಳು. ಒಂದನ್ನೂ ಬಿಡಲಿಲ್ಲ. ಆಮೇಲೆ ತಾನು ಇಪ್ಪತ್ತೈದು ದಿನ ಮುಚ್ಚಿಟ್ಟದ್ದನ್ನೂ ಬರೆದುಕೊಳ್ಳಿ ಎಂದಳು.

"ಇದು ಬೇಕಾಗಿಲ್ಲಮ್ಮ, ನಿಮಗೇ ತೊಂದರೆ," ಎಂದರು ಬರೆದುಕೊಳ್ಳುತ್ತಿದ್ದ ಅಧಿಕಾರಿ.

"ಬರ್ಕೊಳಿ ಸಾರ್‌. ಅವನು ಬರೀಬೇಕಾದ್ದನ್ನ ಬರೀಲಿಲ್ಲ ಅಂತ ತಾನೇ ನಾವಿಲ್ಲಿ ಕೂತಿರೋದು?"

ಅವಳನ್ನು ಮೂರು ತಿಂಗಳು ಆಶಾ ಕೆಲಸದಿಂದ ಹೊರಗಿಟ್ಟರು. ಭೀಮರಾಜನ ಹೆಸರನ್ನು ಅವಳು ಎಲ್ಲಿಯೂ ಎತ್ತಿರಲಿಲ್ಲ.

ಆ ಮೂರು ತಿಂಗಳಲ್ಲೇ ಶಾಂತಾದೇವಿ ಬಂದದ್ದು. ಒಂದು ಸಂಶೋಧನಾ ಸಂಸ್ಥೆಯ ಹಿರಿಯ ವಿಜ್ಞಾನಿ, ಐವತ್ತು ದಾಟಿದ ಹೆಂಗಸು, ಬಸ್ಸಿನಲ್ಲೇ ಬಂದಿದ್ದರು. ಕೆಮ್ಮು ಕೇಳುವ ವಿಧಾನದಲ್ಲಿ ತಪ್ಪಿಲ್ಲವೆಂದೂ ಕಲಿಸಿದ ಕೆಮ್ಮುಗಳಲ್ಲಿ ಕ್ಷಯದ್ದು ಮೊದಲೇ ಕಡಿಮೆಯಿದ್ದುದರಿಂದ ಆ ಕೆಲವು ತಪ್ಪು ಉತ್ತರಗಳೇ ಅದನ್ನು ಕೆಡಿಸಿದವೆಂದೂ ಹೇಳಿದರು. ಆ ಅರವತ್ತೆರಡನ್ನು ತೆಗೆದುಹಾಕಿ, ಹೊಸದಾಗಿ ಎರಡು ಸಾವಿರ ಜನರ ಕಫ ಸರಿಯಾಗಿ ಪರೀಕ್ಷಿಸಿ ಮತ್ತೆ ಕಲಿಸಬೇಕೆಂದಿದ್ದರು. ಅದರಲ್ಲಿ ಮಾಲಿನಿಯ ಕೆಮ್ಮನ್ನೂ ಸೇರಿಸಲು ಒಪ್ಪಿಗೆ ಬೇಕಿತ್ತು.

"ಮಿದುಳಿಗೆ ಏರೋ ಮುಂಚಿನ ಕೆಮ್ಮು ನಮಗೆ ಸಿಗೋದೇ ಅಪರೂಪ ದೇವೀರಮ್ಮ. ಅದನ್ನ ಯಂತ್ರ ಕಲಿಯಬೇಕು."

ದೇವೀರಮ್ಮ ತನ್ನ ಫೋನನ್ನು ಸೆರಗಿನಲ್ಲಿ ಒರೆಸಿದಳು. "ಕೊಡ್ತೀನಿ. ಆದ್ರೆ ಆ ಶಶಿಕಿರಣನ ಹೆಸ್ರು ಎಲ್ಲೂ ಇರಬಾರ್ದು. ಈ ಕೆಲ್ಸ ಅವ್ನು ಮಾಡಿದ್ದು ಅಂತ ಯಾರಿಗೂ ಗೊತ್ತಾಗಬಾರ್ದು."

"ಆಗಲ್ಲ," ಎಂದರು ಶಾಂತಾದೇವಿ. "ವಿಧಾನ ಕಂಡುಹಿಡಿದಿದ್ದು ಅವನೇ. ಅದನ್ನ ಮುಚ್ಚಿಟ್ರೆ ನಾನೂ ಸುಳ್ಳು ಬರೆದ ಹಾಗೆ. ಸುಳ್ಳು ಬರೆದ್ರೆ ಏನಾಗುತ್ತೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

"ಹಂಗಾದ್ರೆ ಕೆಮ್ಮಿಲ್ಲ."

ಶಾಂತಾದೇವಿ ಒತ್ತಾಯ ಮಾಡಲಿಲ್ಲ. ವಿಳಾಸ ಬರೆದುಕೊಟ್ಟು ಎದ್ದುಹೋದರು. ಹತ್ತು ದಿನ ದೇವೀರಮ್ಮ ಆ ಚೀಟಿಯನ್ನು ಅಕ್ಕಿ ಡಬ್ಬದಲ್ಲಿ ಇಟ್ಟು, ತೆಗೆದು, ಮತ್ತೆ ಇಟ್ಟಳು. ತಂಗಿಯ ದನಿ ಇಂಥ ಕೆಲಸಕ್ಕೆ ಬರುವುದಾದರೆ ಅದನ್ನು ತಡೆಯುವ ಹಕ್ಕು ತನಗಿಲ್ಲ ಎಂದು ಒಮ್ಮೆ ಅನ್ನಿಸುತ್ತಿತ್ತು. ಆ ನಗುವನ್ನು ನೆನೆದರೆ ಬೇಡವೇ ಬೇಡ ಅನ್ನಿಸುತ್ತಿತ್ತು. ಬಾಣಾವರದ ಮಗುವಿನ ಕುತ್ತಿಗೆಯೂ ನಡುನಡುವೆ ಕಣ್ಣೆದುರು ಬರುತ್ತಿತ್ತು. ಹನ್ನೊಂದನೆಯ ದಿನ ಶಾಂತಾದೇವಿಗೆ ಫೋನು ಮಾಡಿದಳು.

"ಅವ್ನ ಹೆಸ್ರು ಇರಲಿ ಮೇಡಂ. ಅದ್ರ ಜೊತೆಗೆ ಇನ್ನೊಂದು ಮಾತೂ ಇರಲಿ. ಅರವತ್ತೆರಡು ಜನದ ಪರೀಕ್ಷೆ ಮಾಡದೇ ಸುಳ್ಳು ಬರೆದಿದ್ದೂ ಇವನೇ, ಅದ್ರಿಂದ ಜೀವ ಹೋಯ್ತು ಅಂತ. ಪ್ರಪಂಚದಲ್ಲಿ ಯಾರು ಇದನ್ನ ಓದಿದ್ರೂ ಎರಡನ್ನೂ ಒಟ್ಟಿಗೇ ಓದಬೇಕು. ಬರೆಯಾಕಾಗ್ತದಾ?"

"ಅದು ನಿಜ," ಎಂದರು ಶಾಂತಾದೇವಿ. "ನಿಜ ಬರೆಯೋಕೆ ಯಾರ ಅಪ್ಪಣೆಯೂ ಬೇಡ. ಬರೀತೀನಿ."

ಅಕ್ಟೋಬರಿನಲ್ಲಿ ದೇವೀರಮ್ಮ ಮತ್ತೆ ಗುಲಾಬಿ ಸೀರೆ ಉಟ್ಟಳು. ಹೊಸ ಕಫಗಳ ಪೆಟ್ಟಿಗೆಯನ್ನು ಬೇರೆ ಯಾರ ಕೈಗೂ ಕೊಡದೆ ತಾನೇ ಬೇಲೂರಿಗೆ ಮುಟ್ಟಿಸಿದಳು. ಲಾವಣ್ಯ ಮತ್ತು ಅವಳ ಮಗಳು ಮಾತ್ರೆ ಮುಗಿಸಿ ವಾಸಿಯಾದರೆಂದು ಡಿಸೆಂಬರಿನಲ್ಲಿ ಸುದ್ದಿ ಬಂತು. ದೇವೀರಮ್ಮ ಮಗುವಿಗೆ ಒಂದು ಫ್ರಾಕು ಕಳಿಸಿದಳು. ಅದು ಬಿಚ್ಚದ ಕವರಿನಲ್ಲೇ ವಾಪಸು ಬಂತು. ಶಶಿಕಿರಣನಿಗೆ ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ. ಅವನು ಎಲ್ಲೋ ಒಂದು ಕೋಚಿಂಗ್‌ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದಾನೆಂದು ಯಾರೋ ಹೇಳಿದಾಗ, "ಮಕ್ಳಿಗೆ ಏನು ಹೇಳ್ಕೊಡ್ತಾನೋ," ಎಂದಳು.

ಈ ವರ್ಷದ ಬೇಸಿಗೆಯಲ್ಲಿ ಶಾಂತಾದೇವಿಯವರ ಸಂಶೋಧನಾ ಲೇಖನ ಪ್ರಕಟವಾಯಿತು. ಇಂಗ್ಲಿಷಿನಲ್ಲಿತ್ತು. ದೇವೀರಮ್ಮ ಅದನ್ನು ಬೇಲೂರಿನ ಲ್ಯಾಬಿಗೆ ಒಯ್ದು ಭೀಮರಾಜನ ಮುಂದಿಟ್ಟಳು. ಹೊಸ ಫೋನು ಹಳೆಯದಕ್ಕಿಂತ ಎಷ್ಟು ಪಟ್ಟು ಚೆನ್ನಾಗಿ ರೋಗ ಹಿಡಿಯುತ್ತದೆ ಎಂಬುದನ್ನು ಅವನು ಮೊದಲು ವಿವರಿಸತೊಡಗಿದ.

"ಅದು ಆಮೇಲೆ. ಅವನದ್ದೆಲ್ಲೈತೆ?"

ಭೀಮರಾಜ್‌ ಪುಟ ತಿರುವಿ ಹುಡುಕಿ ಕನ್ನ‌ಡದಲ್ಲಿ ನಿಧಾನವಾಗಿ ಓದಿದ. ಈ ವಿಧಾನವನ್ನು ಮೊದಲು ರೂಪಿಸಿದವರು ಶಶಿಕಿರಣ್‌. ಮೊದಲ ಪ್ರಯೋಗದಲ್ಲಿ ಅರವತ್ತೆರಡು ಮಾದರಿಗಳನ್ನು ಪರೀಕ್ಷಿಸದೆಯೇ ರೋಗವಿಲ್ಲವೆಂದು ದಾಖಲಿಸಿದವರೂ ಅವರೇ. ಸ್ಥಳೀಯ ಆಶಾ ಕಾರ್ಯಕರ್ತೆಯ ಎಚ್ಚರಿಕೆಯನ್ನು ಕಡೆಗಣಿಸಲಾಯಿತು. ತಪ್ಪಾಗಿ ಕಲಿತ ಯಂತ್ರವನ್ನು ನಂಬಿ ಚಿಕಿತ್ಸೆ ತಡವಾದ ಒಬ್ಬ ಶಿಕ್ಷಕಿ ಮೃತಪಟ್ಟರು.

ದೇವೀರಮ್ಮ ಮೇಜಿನ ಮೇಲೆ ಎರಡೂ ಕೈ ಊರಿ ಕೇಳಿದಳು.

"ಇದು ಅಳಿಸಿ ಹೋಗ್ತದಾ?"

"ಇಲ್ಲ ಅಕ್ಕ. ಅವನೂ ನಾವೂ ಹೋದ್ಮೇಲೂ ಇರುತ್ತೆ."

"ಇನ್ನೊಂದ್ಸಲ ಓದು," ಎಂದಳು.

ಅವನು ಓದಿದ. ಅವಳು ಪೆಟ್ಟಿಗೆಗೆ ಹೊಸ ಐಸು ತುಂಬಿಸಿಕೊಂಡು, ಗೆಂಡೆಹಳ್ಳಿಯಲ್ಲಿ ಮಕ್ಕಳ ಲಸಿಕೆ ಇದೆಯೆಂದು ಹೇಳಿ ಹೊರಟಳು.